ನಿಲ್ಲಲಿಕ್ಕೆ ಒಂದು ಜೊತೆ ಬೂಟು

ಹೊಸ ರಬ್ಬರಿನ ವಾಸನೆ. ಮೊನ್ನೆ ದಾಂಡೇಲಿಯ ಪೇಟೆಯಲ್ಲಿ ಅಂಗಡಿಯವನು ಡಬ್ಬಿ ಬಿಚ್ಚಿ, ಬೂಟಿನೊಳಗೆ ತುರುಕಿದ್ದ ಕಾಗದದ ಉಂಡೆಯನ್ನು ಎಳೆದ ಕೂಡಲೇ ಬಂತು. ನನ್ನ ಹಿಮ್ಮಡಿ ಕೆಲವು ತಿಂಗಳಿಂದ ನೋಯುತ್ತಿದೆ. ಡಾಕ್ಟರು ಒಳ್ಳೆಯ ಬೂಟು ಹಾಕಿಕೊಳ್ಳಿ ಎಂದಿದ್ದರು. ಓಡಲಿಕ್ಕೋ, ವಾಕಿಂಗಿಗೋ ಎಂದು ಅಂಗಡಿಯವನು ಕೇಳಿದ. ನಾನು ಯೋಚಿಸುವ ಮೊದಲೇ ಬೇರೆಯವರ ಉತ್ತರ ನನ್ನ ಬಾಯಿಂದ ಬಂತು.

"ನಿಂದ್ರಾಕ."

ಅದು ಎದುರುಮನೆಯ ನರ್ಸಬಾಯಿಯ ಮಾತು. ಊರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿತ್ತು. ಮುಖಾಮುಖಿಯಾದರೆ 'ಬಾಯಾರ' ಎನ್ನುತ್ತಿತ್ತು. ಜೋಯಿಡಾ ಕಡೆಯವರು. ಸಿಟ್ಟು ಬಂದರೆ ಕನ್ನಡ ಬಿಟ್ಟು ಕೊಂಕಣಿಗೆ ಹೋಗುತ್ತಿದ್ದರು. ಹೆರಿಗೆ ವಾರ್ಡಿನ ನೆಲದ ಮೇಲೆ ಆಯುಷ್ಯದ ಬಹುಭಾಗ ನಿಂತೇ ಕಳೆದು ನಿವೃತ್ತರಾಗಿದ್ದರು. ನಿವೃತ್ತಿಯ ಮೇಲೆ ಭಜನೆಯನ್ನೋ ಹೆಣಿಗೆಯನ್ನೋ ಹಚ್ಚಿಕೊಳ್ಳುತ್ತಾರೆಂದು ನಾವು ತಿಳಿದಿದ್ದರೆ, ಅವರು ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟ ಹಚ್ಚಿಕೊಂಡರು.

ಟೇಬಲ್ಲು ಇದ್ದದ್ದು ನಮ್ಮ ಓಣಿಯ ಮುಕಾದಮರ ಮನೆಯ ಪಡಸಾಲೆಯಲ್ಲಿ. ಯಾವುದೋ ರಿಸಾರ್ಟು ಮುಚ್ಚುವಾಗ ಮಾರಿದ್ದನ್ನು ಅವರು ತಂದು ಹಾಕಿದ್ದರು. ಕಾರ್ಖಾನೆಯಲ್ಲಿ ಕೂಲಿಯಾಳುಗಳ ಮೇಲ್ವಿಚಾರಕರಾಗಿದ್ದ ಮನುಷ್ಯ. ಯಂತ್ರಕ್ಕೆ ಅಮಾವಾಸ್ಯೆಗೊಮ್ಮೆ ಪೂಜೆ ಮಾಡಿ ರೂಢಿ. ಟೇಬಲ್ಲಿಗೂ ಮಾಡತೊಡಗಿದರು. ಅದರ ಕಾಲುಗಳಿಗೆ ಅರಿಶಿನ ಕುಂಕುಮ, ಮೂಲೆಯಲ್ಲಿ ನಿಂಬೆಹಣ್ಣು, ಆಡುವ ಕೋಲುಗಳಿಗೆಲ್ಲ ಸೇರಿ ಒಂದು ಹಾರ. ಹಿಂದಿನ ದಿನ ಕೆಂಪು ನೆಲಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಮುಖ ಕಾಣುವಷ್ಟು ಉಜ್ಜುತ್ತಿದ್ದರು. ಪೂಜೆ ನಡೆಯುವ ಜಾಗ ಎಂದ ಮೇಲೆ ಚಪ್ಪಲಿ ಹೊರಗೇ. ಹಾಗಾಗಿ ನಾವೆಲ್ಲ ಬರಿಗಾಲಿನಲ್ಲಿ ಪೂಲ್ ಆಡಿದವರು. ಬೇರೆ ಕಡೆ ಬೇರೆ ಥರ ಆಡುತ್ತಾರೆಂಬುದೇ ನಮಗೆ ಬಹಳ ದಿನ ತೋಚಿರಲಿಲ್ಲ.

ಆ ಆಟದಲ್ಲಿ ಹೊಡೆಯುವುದು ಕಡಿಮೆ, ನಿಲ್ಲುವುದು ಹೆಚ್ಚು. ಎದುರಾಳಿ ಹೊಡೆಯುವಾಗ ನಿಲ್ಲಬೇಕು, ಟೇಬಲ್ಲಿನ ಸುತ್ತ ನಡೆಯಬೇಕು, ಒಂದು ಕಾಲು ಮುಂದಿಟ್ಟು ಬಾಗಬೇಕು, ಬಾಗಿದಾಗ ಹಿಂದಿನ ಕಾಲು ಮೈಯನ್ನು ಹಿಡಿದಿರಬೇಕು. ನರ್ಸಬಾಯಿಯ ಹಿಮ್ಮಡಿಗಳು ಆ ತಣ್ಣನೆಯ ನೆಲವನ್ನು ತಡೆಯಲಾರದೆ ಹೋದವು. ಆಟದ ನಡುವೆ ಕುರ್ಚಿ ಹುಡುಕತೊಡಗಿದರು. ಕೂತು ಎದ್ದರೆ ನೋವು ಇನ್ನೂ ಜಾಸ್ತಿ. ಅಷ್ಟರಲ್ಲಿ ಹಳಿಯಾಳದವರ ಜೊತೆ ಜೋಡಿ ಆಟ ನಿಗದಿಯಾಗಿತ್ತು. ಜೋಡಿ ಅಂದರೆ ಅವರು ಮತ್ತು ನಾನು. ಬಾಯಾರ ಬದಲು ಬೇರೆ ಯಾರನ್ನಾದರೂ ನೋಡೋಣ ಎಂದು ಮುಕಾದಮರು ಮೆಲ್ಲಗೆ ಸೂಚಿಸಿದರು. ಒಮ್ಮೆ ಬಿಟ್ಟರೆ ತಿರುಗಿ ಬರುವುದು ಕಷ್ಟ ಎಂದು ನರ್ಸಬಾಯಿಗೆ ಗೊತ್ತಿತ್ತು. ಊರಿನಲ್ಲಿ ಎಲ್ಲಿ ಹೋದರೂ ಜನ ಮಾತ್ರೆಯ ಚೀಟಿ ತೆಗೆದು ತೋರಿಸುತ್ತಾರೆ, ಬರೀ ಮಾತಾಡುವುದು ಆ ಪಡಸಾಲೆಯಲ್ಲಿ ಮಾತ್ರ ಎಂದು ಅವರೊಮ್ಮೆ ನನಗೆ ಹೇಳಿದ್ದರು.

ಬೂಟು ಹಾಕಿಕೊಂಡು ಆಡುತ್ತೇನೆ ಎಂದರು. ಮುಕಾದಮರು ಒಪ್ಪಲಿಲ್ಲ. ಇವತ್ತು ಬಾಯಾರು ಬೂಟು ತಂದರೆ ನಾಳೆ ಎಲ್ಲರೂ ತರುತ್ತಾರೆ, ಪಡಸಾಲೆ ಬಸ್‌ಸ್ಟ್ಯಾಂಡ್ ಆಗುತ್ತದೆ ಎಂದು ವಾದಿಸಿದರು.

"ನಿಮ್ಮ ಮಗಳ ಹೆರಿಗಿಗೆ ನಾ ಬೂಟ ಹಾಕ್ಕೊಂಡ ಬಂದಿದ್ದೆ ಮುಕಾದಮರ," ಎಂದರು ನರ್ಸಬಾಯಿ. "ಆವಾಗ ನನ್ನ ಕಾಲ ಯಾರೂ ನೋಡಲಿಲ್ಲ."

ಕೊನೆಗೆ ಒಂದು ಒಪ್ಪಂದವಾಯಿತು. ಬೂಟು ಹೊಸದಿರಬೇಕು. ಬೀದಿಯ ಮಣ್ಣು ಅದಕ್ಕೆ ಒಮ್ಮೆಯೂ ತಾಗಬಾರದು. ಡಬ್ಬಿಯಲ್ಲಿ ಬರಬೇಕು, ಹೊಸ್ತಿಲು ದಾಟಿದ ಮೇಲೆ ಕಾಲಿಗೆ ಏರಬೇಕು, ಆಟ ಮುಗಿದ ಮೇಲೆ ಅಲ್ಲೇ ಗೋಡೆಯ ಗೂಡಿನಲ್ಲಿ ಉಳಿಯಬೇಕು.

ಹುಡುಕಲು ಹೊರಟೆವು. ದಾಂಡೇಲಿಯಲ್ಲಿ ಸಿಗಲಿಲ್ಲ, ಹಳಿಯಾಳದಲ್ಲಿ ಸಿಗಲಿಲ್ಲ. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಅಂಗಡಿಗೆ ಹೋದಾಗ ಸಂಜೆಯಾಗುತ್ತಿತ್ತು. ಸಂಜೆಯ ಹೊತ್ತಿಗೆ ಕಾಲು ಉಬ್ಬಿರುತ್ತದೆ, ಬೂಟು ನೋಡಬೇಕಾದದ್ದು ಆಗಲೇ ಎಂದು ಅವರು ಬೇಕೆಂದೇ ತಡವಾಗಿ ಹೊರಟಿದ್ದರು... ಅಥವಾ ಬಸ್ಸು ತಪ್ಪಿತ್ತು, ಈ ಕಾರಣವನ್ನು ಆಮೇಲೆ ನಾನು ಸೇರಿಸಿಕೊಂಡೆನೋ ಏನೋ. ನೆನಪು ಜಾಣತನವನ್ನು ಇಷ್ಟಪಡುತ್ತದೆ. ತಪ್ಪಿದ ಬಸ್ಸನ್ನು ಮರೆಯುತ್ತದೆ.

ಅಂಗಡಿಯ ಹೆಂಗಸು ನಮಗಿಂತ ಚೆನ್ನಾಗಿ ಧಾರವಾಡದ ಕನ್ನಡ ಮಾತಾಡುತ್ತಿದ್ದಳು. ಓಡಾಕೋ ಅಡ್ಡಾಡಾಕೋ ಎಂದು ಅವಳೂ ಕೇಳಿದಳು. ನಿಂದ್ರಾಕ ಎಂಬ ಉತ್ತರ ಸಿಕ್ಕಿತು. ತಳಕ್ಕೆ ಧೂಳು ತಾಗಬಾರದಲ್ಲ, ನರ್ಸಬಾಯಿ ನೆಲದ ಮೇಲೆ ರಟ್ಟು ಹಾಸಿಸಿಕೊಂಡರು. ಅದರ ಮೇಲೆ ನಿಂತು, ಕೊಡೆಯನ್ನು ಕೋಲಿನಂತೆ ಹಿಡಿದು, ಗಲ್ಲಾಪೆಟ್ಟಿಗೆಗೆ ಗುರಿಯಿಟ್ಟು ಬಾಗಿದರು. ನಾನು ಆರಿಸಿದ ಮೆತ್ತನೆಯ ಜೋಡಿಯಲ್ಲಿ ಹೀಗೆ ಬಾಗಿ, ಬೇಡವೆಂದರು. "ಗಾದಿ ಮ್ಯಾಲ ನಿಂತಂಗ ಆಗತೈತಿ. ಗುರಿ ಅಲ್ಲಾಡತೈತಿ ತಮ್ಮಾ." ಇನ್ನೊಂದರ ಮುಂಭಾಗ ಇಕ್ಕಟ್ಟು, ಬೆರಳು ಅಗಲಿಸಲು ಜಾಗವಿಲ್ಲ. ಮತ್ತೊಂದರ ಹಿಮ್ಮಡಿ ಎತ್ತರ. ಕೊನೆಗೆ ಒಂದು ಜೊತೆ ಒಪ್ಪಿಗೆಯಾಯಿತು. ತಳ ಚಪ್ಪಟೆ, ಹಿಮ್ಮಡಿಯ ಹತ್ತಿರ ಮಾತ್ರ ಮೆತ್ತಗೆ, ಪಾದದ ನಡುವಿನ ಕಮಾನಿಗೆ ಒಳಗಿಂದ ಆಸರೆ. ಬಣ್ಣ ನೀಲಿ. ಬೂದಿ ಬಣ್ಣವೆಂದು ಮುಕಾದಮರು ಕೊನೆಯವರೆಗೂ ಹೇಳುತ್ತಿದ್ದರು, ಅವರೇ ಸರಿಯಿರಬಹುದು.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದ ಹೆಂಗಸು ಮದುವೆಯ ಸೀರೆಯೇ ಎಂದು ಕೇಳಿದ್ದಕ್ಕೆ ಹೌದು ಎಂದುಬಿಟ್ಟರು.

ಮರುದಿನ ಮುಕಾದಮರು ಬೂಟಿನ ತಳವನ್ನು ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿದರು. ಒಳಗೆ ಬಿಟ್ಟರು. ನರ್ಸಬಾಯಿ ಬೆಂಚಿನ ಮೇಲೆ ಕೂತು ಲೇಸು ಕಟ್ಟಿ, ಎದ್ದು, ಕೋಲು ಹಿಡಿದು ಬಾಗಿದರು. ಹಿಂದಿನ ಕಾಲು ಸರ್ರನೆ ಜಾರಿತು. ಗದ್ದ ಟೇಬಲ್ಲಿನ ಅಂಚಿಗೆ ತಾಗಿತು. ರಟ್ಟಿನ ಮೇಲೆ ನಿಂತು ಆರಿಸಿದ್ದೆವಲ್ಲ. ಎಣ್ಣೆ ಕುಡಿದ ನೆಲದ ಮೇಲೆ ಆ ತಳ ಹೇಗೆ ವರ್ತಿಸುತ್ತದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಬರಿಗಾಲು ಹಿಡಿಯುತ್ತಿದ್ದ ನೆಲ ಬೂಟನ್ನು ಹಿಡಿಯಲಿಲ್ಲ.

ಪೆಟ್ಟೇನೂ ಆಗಿರಲಿಲ್ಲ. ಆದರೆ ಅವರು ಬೂಟು ಬಿಚ್ಚಿ, ಸೆರಗಿನಿಂದ ತಳ ಒರೆಸಿ, ಡಬ್ಬಿಯಲ್ಲಿಟ್ಟು, ಆಟಕ್ಕೆ ಬೇರೆ ಜೋಡಿ ನೋಡಿಕೋ ತಮ್ಮಾ ಎಂದು ಹೋದರು. ಮುಕಾದಮರದು ಗೆದ್ದವರ ಮುಖವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಆ ದಾರಿಯಲ್ಲಿ ಹೋಗುವಾಗ ಪಡಸಾಲೆಯ ಬಾಗಿಲು ತೆರೆದಿತ್ತು. ಮುಕಾದಮರು ಲುಂಗಿ ಎತ್ತಿ ಕಟ್ಟಿ, ಮಂಡಿಯೂರಿ, ಟೇಬಲ್ಲಿನ ಸುತ್ತ ನೆಲ ತಿಕ್ಕುತ್ತಿದ್ದರು. ಶೀಗೆಪುಡಿಯ ವಾಸನೆ. ಎಣ್ಣೆಸ್ನಾನದ ಮೇಲೆ ತಲೆಯ ಜಿಡ್ಡು ತೆಗೆಯುವ ಪುಡಿಯಿಂದ, ಅಷ್ಟು ವರ್ಷ ತಾವೇ ಏರಿಸಿದ ಹೊಳಪನ್ನು ತೆಗೆಯುತ್ತಿದ್ದರು. ನನ್ನನ್ನು ನೋಡಿ, ಕೇಳದಿದ್ದರೂ ಹೇಳಿದರು: "ಧೂಳ ಭಾಳ ಕುಂತಿತ್ತು." ಆಮೇಲೆ ತಲೆಯೆತ್ತದೆ, "ಬಾಯಾರಿಗೆ ಬರಾಕ ಹೇಳು. ಡಬ್ಬಿ ತರಾಕ ಹೇಳು."

ಹಳಿಯಾಳದವರು ಬಂದ ದಿನ ಬಾಗಿಲ ಹೊರಗೆ ಎಲ್ಲರ ಚಪ್ಪಲಿ, ಒಳಗೆ ಒಂದೇ ಜೊತೆ ಬೂಟು. ಅವರಲ್ಲೊಬ್ಬ ತನಗೂ ಬೂಟು ಹಾಕಲು ಅವಕಾಶ ಬೇಕೆಂದ. ಹೆರಿಗಿ ಮಾಡ್ಸಾಕ ಬರತೈತೇನು ಎಂದು ಮುಕಾದಮರು ಕೇಳಿದ ಮೇಲೆ ಬರಿಗಾಲಿನಲ್ಲೇ ಒಳಗೆ ಬಂದ. ನರ್ಸಬಾಯಿಗೆಂದು ಗೋಡೆಯ ಹತ್ತಿರ ಒಂದು ಕುರ್ಚಿ ಇಟ್ಟಿದ್ದೆವು.

ಆ ಆಟವನ್ನು ನಾನು ಒಬ್ಬೊಬ್ಬರಿಗೆ ಒಂದೊಂದು ಥರ ಹೇಳಿದ್ದೇನೆ. ಹಲವು ಸಲ ಗೆಲ್ಲಿಸಿಯೂ ಇದ್ದೇನೆ. ಕರಿ ಚೆಂಡು ಬಿದ್ದ ಸದ್ದು ಕಿವಿಯಲ್ಲಿದೆ. ಅದರ ಹಿಂದೆಯೇ ಬಿಳಿಯದೂ ಹೋಗಿ ಬಿದ್ದ ಸದ್ದನ್ನು ಹೇಳದೆ ಬಿಡುವುದು ಸುಲಭ. ಬಿಳಿಯದೂ ಬಿದ್ದರೆ ಗೆದ್ದ ಆಟ ಸೋತಂತೆ. ನಾವು ಸೋತೆವು. ಆದರೆ ಆ ಕುರ್ಚಿಯಲ್ಲಿ ನರ್ಸಬಾಯಿ ಒಮ್ಮೆಯೂ ಕೂರಲಿಲ್ಲ. ಕೊನೆಯ ಹೊತ್ತಿಗೆ ಸೊಂಟ ಹಿಡಿದುಕೊಂಡು ಅದರಲ್ಲಿ ಕೂತವರು ಮುಕಾದಮರು. ನೆಲ ತಿಕ್ಕಿದ ಸೊಂಟ.

ಆಮೇಲೂ ಕೆಲವು ವರ್ಷ ನರ್ಸಬಾಯಿ ಆಡಿದರು. ನೆಲಕ್ಕೆ ಮತ್ತೆ ಎಣ್ಣೆ ಬೀಳಲಿಲ್ಲ. ನರ್ಸಬಾಯಿ ಹೋದರು, ಮರುವರ್ಷ ಮುಕಾದಮರೂ ಹೋದರು. ಅವರ ಮಗಳು ಟೇಬಲ್ಲು ಕೊಟ್ಟುಬಿಟ್ಟು ಪಡಸಾಲೆಯನ್ನು ನದಿಯಲ್ಲಿ ರಾಫ್ಟಿಂಗ್ ನಡೆಸುವವರಿಗೆ ಬಾಡಿಗೆಗೆ ಹಾಕಿದಳು. ಗೂಡಿನಲ್ಲಿದ್ದ ಬೂಟು ಏನಾಯಿತೋ... ಕೇಳಬಹುದಿತ್ತು. ಕೇಳಲಿಲ್ಲ.

ಮೊನ್ನೆ ಹೊಸ ಬೂಟಿನ ಡಬ್ಬಿ ಹಿಡಿದುಕೊಂಡೇ ಆ ಕಡೆ ಹೋದೆ. ಒಳಗೆ ಕೇಸರಿ ಬಣ್ಣದ ಲೈಫ್ ಜಾಕೆಟ್ಟುಗಳ ರಾಶಿ, ಒದ್ದೆ ಹಗ್ಗ, ಮಣ್ಣು ಮೆತ್ತಿದ ಬೂಟುಗಾಲಿನ ಗುರುತುಗಳು. ಚಪ್ಪಲಿ ಹಾಕಿಕೊಂಡೇ ಬನ್ನಿ ಎಂದು ಅಲ್ಲಿದ್ದವನು ಕರೆದ. ನಡುವೆ, ಟೇಬಲ್ಲಿದ್ದ ಜಾಗದ ಸುತ್ತ, ಕೆಂಪು ಮಾಸಿದ ಒಂದು ದಾರಿ ಕಂಡ ಹಾಗಾಯಿತು. ಕಂಡಿತು ಎಂದು ಬರೆದರೆ ಈ ಲೇಖನಕ್ಕೆ ಅನುಕೂಲ. ಅದು ಕಿಟಕಿಯ ಬಿಸಿಲೂ ಆಗಿರಬಹುದು.

ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋದೆ. ನೆಲ ತಣ್ಣಗಿತ್ತು. ಹಿಮ್ಮಡಿ ನೋವನ್ನು ತಾಳುವಷ್ಟು ಹೊತ್ತು ನಿಂತೆ.