ಹನ್ನೊಂದನೆಯ ಗುಂಡುಸೂಜಿ

ಕೋಟಿನ ಅಳತೆ ನೋಡುವಾಗ ದರ್ಜಿ ಹನ್ನೊಂದು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದ. ಹನ್ನೊಂದೂ ಡಬ್ಬಿಗೆ ವಾಪಸು ಬೀಳುವವರೆಗೆ ಗಿರಾಕಿಯನ್ನು ಬಿಡುತ್ತಿರಲಿಲ್ಲ. ಮೂವತ್ತು ವರ್ಷದಿಂದ ಅದೇ ಅವನ ಜಂಬ. ಇವತ್ತು ಕಡೆಯ ಹೊಲಿಗೆ ಮುಗಿಯುತ್ತಲೇ ಮೇಷ್ಟ್ರು ಕೋಟು ತೊಟ್ಟುಕೊಂಡು ಹೊರಟೇಬಿಟ್ಟರು. ಶಾಲೆಯಲ್ಲಿ ಅವರ ಬೀಳ್ಕೊಡುಗೆಗೆ ಹೊತ್ತಾಗಿತ್ತು. ಎಣಿಸಿದರೆ ಹತ್ತೇ ಸೂಜಿ!

ದರ್ಜಿ ಮತ್ತೊಮ್ಮೆ ಎಣಿಸಿದ. ಮೇಷ್ಟ್ರು ಕುರ್ಚಿಗೆ ಒರಗಿದರೆ ಮುಗಿಯಿತು. ತುಂಬಿದ ಸಭೆಯಲ್ಲಿ ಅವರು ಹಾರಿ ಬೀಳುವುದೇನು, ಇವನ ಮಾನ ಹರಾಜಾಗುವುದೇನು! ಬಿದ್ದೆನೋ ಎದ್ದೆನೋ ಎಂದು ಓಡಿದ. ಮೇಷ್ಟ್ರು ಆಗಲೇ ವೇದಿಕೆಯ ಮೇಲೆ ಕುರ್ಚಿಯ ಮುಂದೆ ನಿಂತಿದ್ದರು.

"ಇರಿ ಮೇಷ್ಟ್ರೇ, ಕೂತ್ಕೋಬೇಡಿ!"

ಏದುಸಿರು ಬಿಡುತ್ತಾ ವೇದಿಕೆ ಹತ್ತಿ, ಎಲ್ಲರೆದುರೇ ಅವರ ಬೆನ್ನನ್ನು ಮೇಲಿಂದ ಕೆಳಗೆ ಸವರಿದ. ನಡುಹೊಲಿಗೆಯ ಪಕ್ಕದಲ್ಲಿ ಸಿಕ್ಕಿತು, ಪಾಪಿ ಸೂಜಿ. ಮೆಲ್ಲಗೆ ಕಿತ್ತು ಮುಷ್ಟಿಯಲ್ಲಿ ಅಡಗಿಸಿದ. ಏನಿದು ಎಂದು ಕೇಳಿದರೆ ಏನು ಹೇಳುವುದು?

ಮೇಷ್ಟ್ರು ತಿರುಗಿದರು. ಕಣ್ಣು ತುಂಬಿತ್ತು.

"ನಮ್ಮಪ್ಪ ಹೋದ್ಮೇಲೆ ನನ್ನ ಬೆನ್ನು ಯಾರೂ ಹೀಗೆ ಸವರಿರ್ಲಿಲ್ಲ ಕಣಯ್ಯಾ" ಎಂದು ಅವನ ಮುಷ್ಟಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಅದುಮಿದರು.

ಸೂಜಿ ಅಂಗೈಗೆ ಇಳಿಯಿತು. ದರ್ಜಿ ನಗುತ್ತಲೇ ನಿಂತಿದ್ದ.