ದಾದಾಪೀರನ ಟೂ ಬಿಎಚ್‌ಕೆ

ನಮ್ಮ ಲಕ್ಷ್ಮೇಶ್ವರದ ಓಣಿಯಲ್ಲಿ ಬಿಎಚ್‌ಕೆ ಅಂದರೆ ಏನೆಂದು ಗೌಂಡಿ ದಾದಾಪೀರನನ್ನೇ ಕೇಳಬೇಕು. "ಮಲಗೋ ಖೋಲಿ, ಪಡಸಾಲಿ, ಅಡಗಿಮನಿ. ಮುಂದಿನ ನಂಬರ ಖೋಲಿದು" ಎಂದು ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಗೀಚಿ ತೋರಿಸುತ್ತಾನೆ. ಅದನ್ನು ಕೇಳಿದ ಪಕ್ಕದ ಮನೆಯ ಕೊಟ್ರೇಶ ಎಮ್ಮೆಯ ಕೊಟ್ಟಿಗೆಯನ್ನೂ ಸೇರಿಸಿ ತನ್ನದು ಥ್ರೀ ಬಿಎಚ್‌ಕೆ ಎನ್ನುತ್ತಾನೆ. ಹೇಳುವವರಿಲ್ಲ, ಕೇಳುವವರಿಲ್ಲ.

ಊರಿಗೆಲ್ಲ ಮನೆ ಕಟ್ಟಿದ ದಾದಾಪೀರ ಐವತ್ತು ದಾಟಿದ ಮೇಲೆ ತನ್ನ ಮನೆಗೆ ಕೈ ಹಾಕಿದ. ಜಾಗ ಸಣ್ಣದು, ಆಸೆ ದೊಡ್ಡದು. ಟೂ ಬಿಎಚ್‌ಕೆ ಎಂದು ಚಹಾದಂಗಡಿಯಲ್ಲಿ ಡಂಗುರ ಹೊಡೆದೂ ಆಯಿತು. ಹೆಂಡತಿ ರಸೂಲಬಿಗೆ ಬೇಕಾದದ್ದು ಒಂದೇ, ಬಾಗಿಲ ಮುಂದೆ ಒಂದು ಕಟ್ಟೆ.

"ಕಟ್ಟಿ ಬಿಎಚ್‌ಕೆದಾಗ ಬರೂದಿಲ್ಲ" ಎಂದ.

"ಮಂದಿ ಬರ್ತಾರಲ್ರಿ" ಎಂದಳು.

ಕಟ್ಟೆ ಬೇಕೆಂದರೆ ಬಾಗಿಲ ಪಕ್ಕದ ಎರಡನೆಯ ಖೋಲಿ ಬಿಡಬೇಕು. ಅವನು ಅಳೆದು ತೋರಿಸಿದ, ಅವಳು ಕಟ್ಟೆಯ ಆಸೆ ಬಿಟ್ಟಳು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಕುರ್ತಕೋಟಿಯಿಂದ ಸೊಸೆಯಾಗಿ ಬಂದಾಗಿನಿಂದ ಅವರ ಬಾಡಿಗೆ ಮನೆಯ ಕಟ್ಟೆಯ ಮೇಲೆ ಕೂತು ಶಾವಿಗೆ ಹೊಸೆದವಳು ನಾನು. ರಂಜಾನಿಗೆ ಅವರ ಶಾವಿಗೆ, ಮದುವೆಗೆ ನಮ್ಮದು.

ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಓಣಿಯ ಹೆಂಗಸರೆಲ್ಲ ಹೋದೆವು. ಫಾತೆಹಾ ಓದಿ ಸಕ್ಕರೆ ಹಂಚಿದರು. ನಿಂತೇ ತಿಂದು, ನಿಂತಲ್ಲಿಂದಲೇ ಹೊರಟೆವು.

"ಇಷ್ಟ ಜಲ್ದಿ ಯಾಕ ಹೊಂಟ್ರಿ?" ಎಂದಳು ರಸೂಲಬಿ.

"ಎಲ್ಲಿ ಕುಂಡ್ರೂಣವ್ವಾ?" ಎಂದೆ, ದಾದಾಪೀರನಿಗೆ ಕೇಳಲೆಂದೇ.

"ಪಡಸಾಲ್ಯಾಗ ಬರ್ರಿ" ಎಂದ ಅವನು.

"ಪಡಸಾಲಿಗೆ ಕರೀಬೇಕಪಾ. ಕಟ್ಟಿಗೆ ಯಾರೂ ಕರೀಬೇಕಾಗಿಲ್ಲ."

ಚೌಕಟ್ಟು ಹಿಡಿದು ನಿಂತಿದ್ದ ರಸೂಲಬಿಯ ಕಣ್ಣು ತುಂಬಿತ್ತು. ಅದನ್ನು ಅವನೂ ನೋಡಿದ.

ಮರುದಿನ ಮುಂಜಾನೆ ಸುತ್ತಿಗೆಯ ಸದ್ದು ಕೇಳಿ ಹೊರಗೆ ಬಂದೆ. ತಾನೇ ಕಟ್ಟಿದ ಖೋಲಿಯ ಗೋಡೆಯನ್ನು ದಾದಾಪೀರ ಒಡೆಯುತ್ತಿದ್ದ. ಕೊಟ್ರೇಶ ಬಿಡುವನೇ? "ಟೂ ಬಿಎಚ್‌ಕೆ ಎಲ್ಲಿ ಹೋತಪಾ?" ಎಂದು ಕಾಲೆಳೆದ.

"ಇರೂದ ನಾವಿಬ್ಬರು. ಎಷ್ಟ ಕಡೆ ಮಲಗೂದಲೇ?" ಎಂದು ದಾದಾಪೀರ ನಕ್ಕ. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.

ಖೋಲಿಯ ಜಾಗದಲ್ಲಿ ಕಟ್ಟೆ ಎದ್ದಾಗ ಮನೆಗೆ ಇನ್ನೂ ಸ್ಲ್ಯಾಬು ಬಿದ್ದಿರಲಿಲ್ಲ, ಕಟ್ಟೆಯ ಸಿಮೆಂಟು ಪೂರ್ತಿ ಗಟ್ಟಿಯಾಗಿರಲಿಲ್ಲ. ನಾವು ನಾದಿದ ಹಿಟ್ಟು ಹಿಡಿದು ಹೋಗಿ, ರಸೂಲಬಿಯನ್ನು ನಡುವೆ ಕೂರಿಸಿಕೊಂಡು ಶಾವಿಗೆ ಶುರು ಮಾಡಿಯೇ ಬಿಟ್ಟೆವು. ದಾದಾಪೀರ ಪೈಪು ಹಿಡಿದು ಬಂದ.

"ಏಳ್ರಿ, ಕಟ್ಟಿಗೆ ನೀರ ಹೊಡೀಬೇಕು."

ಯಾರೂ ಏಳಲಿಲ್ಲ. ರಸೂಲಬಿ ತುಸು ಸರಿದು ಜಾಗ ಮಾಡಿದಳು. "ನೀವೂ ಕುಂಡ್ರಿ."

ಅವನು ನಳ ಬಂದ್ ಮಾಡಿ ಬಂದು ಕೂತ.