ತೋಟದ ಮನೆಯ ಪ್ರಿಂಟರ್ ಮತ್ತು ಉಮಕ್ಕನ ಚಟ್ನಿಪುಡಿ

ಅದು 2023ರ ಬೇಸಿಗೆ. ತಿಪಟೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಾನು ಪ್ರಿಂಟರ್ ರಿಪೇರಿ ಮತ್ತು ಇಂಕು ತುಂಬುವ ಅಂಗಡಿ ಹಾಕಿ ಎರಡು ವರ್ಷ ಕಳೆದಿತ್ತು. ಅಂಗಡಿ ದೊಡ್ಡದೇನಲ್ಲ. ನಾನು ಒಳಗಿದ್ದರೆ ಗಿರಾಕಿ ಹೊರಗೆ ನಿಲ್ಲಬೇಕು, ಗಿರಾಕಿ ಒಳಗೆ ಬಂದರೆ ನಾನು ಹೊರಗೆ ಬರಬೇಕು. ಆದರೂ ಬೋರ್ಡಿನ ಮೇಲೆ ‘ಸರ್ವಿಸ್ ಎಂಜಿನಿಯರ್’ ಎಂದು ಬರೆಸಿದ್ದೆ. ಓದಿದ್ದು ಡಿಪ್ಲೊಮಾ; ಅದರಲ್ಲೂ ಒಂದು ಸಬ್ಜೆಕ್ಟು ನನ್ನ ದಾರಿ ಕಾಯುತ್ತ ಇನ್ನೂ ಕಾಲೇಜಿನಲ್ಲೇ ಕುಳಿತಿತ್ತು. ಕೆಲಸ ಕಲಿಸಿದವರು ಪಕ್ಕದ ಅಂಗಡಿಯ ನಯಾಜ್ ಭಾಯ್. ಮಿಕ್ಸಿ, ಮೋಟಾರು, ಯುಪಿಎಸ್ಸು ಏನು ತಂದರೂ ಬಿಚ್ಚಿ ನೋಡುವ ಹಿರಿಯ ಮೆಕ್ಯಾನಿಕ್ ಅವರು.

ನನಗೊಂದು ಚಾಳಿ. ಯಾರ ಜೊತೆ ಐದು ನಿಮಿಷ ಕೂತರೂ ಅವರ ದನಿ ನನ್ನ ಬಾಯಿಗೆ ಬಂದುಬಿಡುತ್ತದೆ. ಮಾಯಸಂದ್ರದ ಬಸ್ಸಿನ ಕಂಡಕ್ಟರು, ಫೋನಿನಲ್ಲೇ ಜಗಳ ಕಾಯುವ ಕೊಬ್ಬರಿ ದಲಾಲರು, ನಯಾಜ್ ಭಾಯಿಯ ಬೆಳಗಿನ ಕೆಮ್ಮು, ಯಾವುದನ್ನೂ ಬಿಟ್ಟವನಲ್ಲ. ಕೊನೆಗೆ ಪ್ರಿಂಟರುಗಳನ್ನೂ ಬಿಡಲಿಲ್ಲ. ಕಾಗದ ಎಳೆಯುವ ಸದ್ದು, ಎಳೆಯಲಾರದೆ ಗೊಣಗುವ ಸದ್ದು, ಸುಮ್ಮನೆ ಕೂತಲ್ಲಿ ನರಳುವ ಸದ್ದು, ಎಲ್ಲ ಮಾಡುತ್ತಿದ್ದೆ.

“ಲೇ ಮಂಜ, ಊರೋರ ದನಿಯೆಲ್ಲ ತೆಗೀತೀಯ. ನಿಂದು ಯಾವ್ದು ಅಂತ ನಿಂಗಾದ್ರೂ ಗೊತ್ತೇನೋ?” ಎಂದು ನಯಾಜ್ ಭಾಯ್ ಒಮ್ಮೆ ಕೇಳಿದ್ದರು. ನಾನು ಅವರದೇ ದನಿಯಲ್ಲಿ ಕೆಮ್ಮಿ, “ಹುಡುಕ್ತಾ ಇದೀನಿ ಭಾಯ್” ಎಂದೆ. ಸ್ಪ್ಯಾನರು ನನ್ನ ಕಿವಿಯ ಪಕ್ಕದಲ್ಲೇ ಹಾದು ಹೋಯಿತು.

ಆ ಏಪ್ರಿಲಿನಲ್ಲಿ ಉಮಾದೇವಿ ಎಂಬವರು ಅಂಗಡಿಗೆ ಬಂದರು. ನೊಣವಿನಕೆರೆಯ ಹತ್ತಿರದ ತೋಟದ ಮನೆಯವರು. ಗಂಡ ರುದ್ರೇಶಣ್ಣನಿಗೆ ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಉಮಕ್ಕ ಮನೆಯ ಕೊಬ್ಬರಿಯಿಂದಲೇ ಚಟ್ನಿಪುಡಿ ಮಾಡಿ, ಪೊಟ್ಟಣ ಕಟ್ಟಿ, ತಿಪಟೂರಿನ ಒಂದು ದಿನಸಿ ಅಂಗಡಿಗೆ ವಾರಕ್ಕೊಮ್ಮೆ ಕೊಡುತ್ತಿದ್ದರು. ಹುರಿಗಡಲೆ ಹಾಕಿದ್ದು, ಬೆಳ್ಳುಳ್ಳಿ ಹಾಕಿದ್ದು, ಹುಚ್ಚೆಳ್ಳಿನದು ಹೀಗೆ ಬಗೆಬಗೆಯ ಪುಡಿ. ಪ್ರತಿ ಪೊಟ್ಟಣದ ಮೇಲೂ ಪುಡಿಯ ಹೆಸರು, ಮಾಡಿದ ದಿನ ಇರುವ ಲೇಬಲ್ ಬೇಕು. ಪ್ರೆಸ್ಸಿನವರು ಒಂದೇ ಬಗೆಯದನ್ನು ಸಾವಿರಗಟ್ಟಲೆ ಹಾಕಿಸಿ ಎನ್ನುತ್ತಾರೆ. ಇವರ ಪುಡಿಯೋ ವಾರಕ್ಕೊಂದು ಥರ. ಹಾಗಾಗಿ ಮನೆಗೇ ಒಂದು ಇಂಕ್‌ಟ್ಯಾಂಕ್ ಪ್ರಿಂಟರ್ ತಂದಿದ್ದರು. ಅಂದರೆ ಕಾರ್ಟ್ರಿಜ್ ಬದಲಿಸುವ ಬದಲು ಬಾಟಲಿಯಿಂದ ನಾಲ್ಕು ಬಣ್ಣದ ಇಂಕನ್ನು ನೇರವಾಗಿ ಸುರಿದು ತುಂಬುವಂಥದ್ದು. ಇಂಕಿನ ಖರ್ಚು ಉಳಿಸಲೆಂದೇ ಜನ ಇದನ್ನು ಕೊಳ್ಳುವುದು.

“ಉಳಿಯೋದು ಹಾಳಾಗ್ಲಿ ಮಂಜು, ಬಾಟಲಿ ಸುರಿದು ಸುರಿದು ನನ್ನ ಕೈಯೇ ನೀಲಿಯಾಗೈತೆ,” ಎಂದರು ಉಮಕ್ಕ. “ಪುಡಿ ಮಾರಿ ಬಂದಿದ್ದು ಇಂಕಿಗೇ ಹೋಗ್ತಾ ಐತೆ. ನಮ್ಮನೆಯವರು ಹೇಳ್ಬಿಟ್ಟವ್ರೆ. ಇನ್ನೊಂದು ಸಲ ಇಂಕು ತಂದ್ರೆ ಅದೇ ಕೊನೆ. ಅದು ಮುಗಿದ ದಿನ ಪ್ರಿಂಟರ್ ಮಾರು, ಪುಡಿ ಬೇಕಾದ್ರೆ ಮನೆ ಮಟ್ಟಿಗೆ ಮಾಡ್ಕೊ ಅಂತ.”

ಹೇಳುವಾಗ ನಗುತ್ತಿದ್ದರು. ಆದರೆ ಬ್ಯಾಗಿನ ಜಿಪ್ಪನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ ಕೈ ನಗುತ್ತಿರಲಿಲ್ಲ.

ನಾನು ಲೇಬಲ್ ನೋಡಿದೆ. ನೋಡಿದ ಕೂಡಲೇ ರೋಗ ಸಿಕ್ಕಿತು ಎಂದುಕೊಂಡೆ. ಇಡೀ ಲೇಬಲ್ಲಿಗೆ ಗಾಢ ಹಸಿರು ಹಿನ್ನೆಲೆ, ಅದರ ಮೇಲೆ ಒಂದು ತೋಟ, ತೋಟದ ಹಿಂದೆ ಸೂರ್ಯೋದಯ. ಬಿಳಿ ಜಾಗ ಎಂಬುದು ಚಟ್ನಿಪುಡಿ ಎಂಬ ಅಕ್ಷರಗಳ ಹೊಟ್ಟೆಯೊಳಗೆ ಮಾತ್ರ ಇತ್ತು. “ಉಮಕ್ಕ, ಇದು ಲೇಬಲ್ ಅಲ್ಲ, ಕಾಗದಕ್ಕೆ ಪೇಂಟ್ ಹೊಡ್ಸಿದೀರ,” ಎಂದೆ. ಅಲ್ಲೇ ಕೂತು ಹೊಸದು ಮಾಡಿಕೊಟ್ಟೆ. ಬಿಳಿ ಹಿನ್ನೆಲೆ, ಕಂದು ಗೆರೆಯಲ್ಲಿ ಒಂದು ಕೊಬ್ಬರಿ ಗಿಟುಕು, ಕಪ್ಪಿನಲ್ಲಿ ಅಕ್ಷರ. ಒಂದು ಹಾಳೆಗೆ ಹನ್ನೆರಡು ಲೇಬಲ್ ಕೂರುವ ಹಾಗೆ ಜೋಡಿಸಿದೆ. ಡ್ರಾಫ್ಟ್ ಮೋಡ್ ಹಾಕುವುದನ್ನೂ ತೋರಿಸಿದೆ. ಅದು ತೆಳುವಾಗಿ ಇಂಕು ಬಿಟ್ಟು ಪ್ರಿಂಟ್ ಮಾಡುವ ವಿಧಾನ. ಲೇಬಲ್ಲಿಗೆ ಅಷ್ಟು ಸಾಕು. ಹೊಸ ಇಂಕು ಕೊಟ್ಟು, ವೈದ್ಯರು ಚೀಟಿ ಬರೆದು ಕಳಿಸುವ ಗತ್ತಿನಲ್ಲಿ ಕಳಿಸಿದೆ.

ಎರಡು ವಾರಕ್ಕೆ ಉಮಕ್ಕ ವಾಪಸು ಬಂದರು. ಈ ಸಲ ರುದ್ರೇಶಣ್ಣನೂ ಜೊತೆಗಿದ್ದರು. ಟ್ಯಾಂಕಿನಲ್ಲಿ ಇಂಕು ಅರ್ಧಕ್ಕಿಂತ ಕೆಳಗೆ ಇಳಿದಿತ್ತಂತೆ. ಮುದ್ರಿಸಿದ್ದು ನಾಲ್ಕಾರು ಹಾಳೆ ಅಷ್ಟೆ.

ರುದ್ರೇಶಣ್ಣ ದನಿ ಏರಿಸುವ ಮನುಷ್ಯರಲ್ಲ. ಹಾಗಾಗಿಯೇ ಮಾತು ಜಾಸ್ತಿ ನಾಟಿತು. “ನೋಡಪ್ಪ, ಹಾಲಿಗೆ ನೀರು ಹಾಕೋದು ಕಂಡಿದೀನಿ. ಇಂಕಿಗೂ ಹಾಕ್ತಾರೆ ಅಂತ ನಮ್ಮೂರಲ್ಲಿ ಒಬ್ಬರು ಅಂದ್ರು. ನಾನು ಅನ್ನಲಿಲ್ಲ. ಅಂದ್ರು ಅಂತ ಹೇಳ್ದೆ.”

ನೊಣವಿನಕೆರೆಯಲ್ಲಿ ಒಬ್ಬರು ಅಂದರೆ ಸಂಜೆ ಬಸ್ಸಿಗೆ ಅದು ತುರುವೇಕೆರೆ ತಲುಪುತ್ತದೆ. ಅವತ್ತು ಮಿಮಿಕ್ರಿಗೆ ಯಾರ ದನಿಯೂ ಸಿಗಲಿಲ್ಲ. ಪಕ್ಕದಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದ ನಯಾಜ್ ಭಾಯ್ ತಲೆಯೆತ್ತದೆ ಹೇಳಿದರು: “ಅಂಗಡೀಲಿ ಕೂತು ಡಾಕ್ಟರಿಕೆ ಮಾಡ್ಬೇಡ ಕಣ್ಲಾ. ಮಿಷಿನ್ ಇರೋ ಜಾಗಕ್ಕೆ ಹೋಗು.”

ಮರುದಿನ ಬೆಳಗ್ಗೆ ಬ್ಯಾಗು ಹಾಕಿಕೊಂಡು ಹೋದೆ. ತೋಟದ ನಡುವೆ ಹೆಂಚಿನ ಮನೆ. ನಡುಮನೆಯ ಮೂಲೆಯಲ್ಲಿ ಮೇಜು, ಮೇಜಿನ ಮೇಲೆ ಪ್ರಿಂಟರ್, ಅದಕ್ಕೆ ಕಸೂತಿ ಹಾಕಿದ ಬಟ್ಟೆಯ ಹೊದಿಕೆ. ನಮ್ಮನೆಯಲ್ಲಿ ನನಗೂ ಅಂಥ ಹೊದಿಕೆ ಇಲ್ಲ. ರುದ್ರೇಶಣ್ಣನ ತಾಯಿ ಸಿದ್ದಗಂಗಮ್ಮ ಬಾಗಿಲ ಬಳಿ ಕೂತು ಕಾಯಿಯ ರಾಶಿಯಲ್ಲಿ ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ನೀರೆಲ್ಲ ಬತ್ತಿ ಒಳಗಿನ ಗಿಟುಕು ಲೊಡಲೊಡ ಎಂದರೆ ಒಂದು ಕಡೆ, ಇನ್ನೂ ನೀರಾಡಿದರೆ ಇನ್ನೊಂದು ಕಡೆ. ನನ್ನನ್ನು ಒಮ್ಮೆ ನೋಡಿ ಕೆಲಸ ಮುಂದುವರಿಸಿದರು.

ಮೊದಲು ನಾಝಲ್ ಚೆಕ್ ತೆಗೆದೆ. ಇಂಕು ಹೊರಬೀಳುವ ಕೂದಲಿನಷ್ಟು ಸಣ್ಣ ತೂತುಗಳು ಸರಿ ಇವೆಯೇ ಎಂದು ತೋರಿಸುವ ಗೆರೆಗಳ ಹಾಳೆ ಅದು. ಗೆರೆಗಳು ಚೆನ್ನಾಗೇ ಬಂದವು. ಟ್ಯಾಂಕು ಸೋರುತ್ತಿರಲಿಲ್ಲ, ಕೊಳವೆಯಲ್ಲೂ ಬಿರುಕಿಲ್ಲ. ಇಂಕನ್ನು ಬಿಳಿ ಕಾಗದದ ಮೇಲೆ ತೊಟ್ಟಿಕ್ಕಿಸಿ, ಒಣಗಿದ ಮೇಲೆ ರುದ್ರೇಶಣ್ಣನಿಗೆ ತೋರಿಸಿದೆ. ಅವರು ಉಗುರಿನಿಂದ ಉಜ್ಜಿ ನೋಡಿ ಕಾಗದ ವಾಪಸು ಕೊಟ್ಟರು. ಹೂಂ ಎಂದರೂ ಸಾಕಿತ್ತು.

ಆಮೇಲೆ ಯಂತ್ರವನ್ನು ಓರೆ ಮಾಡಿ ಹಿಂದಿನ ಮುಚ್ಚಳ ತೆಗೆದೆ. ಅಲ್ಲಿ ವೇಸ್ಟ್ ಪ್ಯಾಡ್ ಇರುತ್ತದೆ. ಸ್ಪಂಜಿನಂಥ ದಪ್ಪ ಪಟ್ಟಿ. ಪ್ರಿಂಟರ್ ತನ್ನ ತೂತುಗಳನ್ನು ತಾನೇ ತೊಳೆದುಕೊಳ್ಳುವಾಗ ಚೆಲ್ಲುವ ಇಂಕು ಈ ಪ್ಯಾಡಿಗೆ ಹೋಗಿ ಇಂಗುತ್ತದೆ. ಹೊಸ ಯಂತ್ರದಲ್ಲಿ ಅದು ಬಹುಪಾಲು ಒಣಗಿಯೇ ಇರಬೇಕು. ಇವರದನ್ನು ಮುಟ್ಟಿದರೆ ನನ್ನ ಕೈ ಮಣಿಕಟ್ಟಿನವರೆಗೆ ಬಣ್ಣವಾಯಿತು. ಹೋದ ಇಂಕೆಲ್ಲ ಅಲ್ಲೇ ಇತ್ತು.

“ಇಂಕು ಕಾಗದಕ್ಕೇ ಬಂದಿಲ್ಲ ಅಣ್ಣ. ತೊಳೆಯೋಕೇ ಖರ್ಚಾಗೈತೆ. ಉಮಕ್ಕ, ನೀವು ಹೆಡ್ ಕ್ಲೀನಿಂಗ್ ಕೊಡ್ತಾ ಇರ್ತೀರಾ?”

“ಅಯ್ಯೋ, ಆ ಬಟನ್ ಎಲ್ಲೈತೆ ಅಂತಲೇ ಗೊತ್ತಿಲ್ಲ.”

“ಹಂಗಾದ್ರೆ ಮತ್ತೆ ಯಾರು ಕೊಡ್ತಾರೆ?” ಎಂದರು ರುದ್ರೇಶಣ್ಣ. ಅವರ ಕಣ್ಣು ಮತ್ತೆ ನನ್ನ ಮೇಲೇ ಬಂದು ನಿಂತಿತು.

ನನಗೂ ತಿಳಿಯಲಿಲ್ಲ. ತೊಳೆದುಕೊಳ್ಳುವ ಸದ್ದನ್ನು ಅವರು ಯಾವಾಗಲಾದರೂ ಕೇಳಿದ್ದಾರೆಯೇ ಎಂದು ತಿಳಿಯಲು, ನನಗೆ ಗೊತ್ತಿದ್ದ ಏಕೈಕ ವಿದ್ಯೆ ಪ್ರಯೋಗಿಸಿದೆ. “ಹಿಂಗೆ ಸದ್ದು ಮಾಡ್ತೈತಾ ನೋಡಿ,” ಎಂದು, ಮೊದಲು ಟಕ ಟಕ, ಆಮೇಲೆ ಗಂಟಲಲ್ಲಿ ಗೊರ್ರ್, ಒಂದು ಕ್ಷಣ ಮೌನ, ಮತ್ತೆ ಝುಂಯ್ ಎಂದು ಎಳೆದು, ಕೊನೆಗೆ ಟಪ್ ಎಂದು ನಾಲಿಗೆ ಹೊಡೆದೆ. ಕುತ್ತಿಗೆಯನ್ನೂ ಎಡಕ್ಕೆ ಬಲಕ್ಕೆ ಆಡಿಸಿದೆ. ಅದು ಬೇಕಿರಲಿಲ್ಲ, ಅಭ್ಯಾಸಬಲ.

ಉಮಕ್ಕ ಗಂಡನ ಮುಖ ನೋಡಿದರು. ರುದ್ರೇಶಣ್ಣ ಸೂರು ನೋಡಿದರು. ಬಾಗಿಲ ಬಳಿ ಕಾಯಿ ಅಲ್ಲಾಡಿಸುತ್ತಿದ್ದ ಕೈ ನಿಂತಿತು.

“ಇದೇನಪ್ಪ, ಥೇಟ್ ಹಂಗೇ ಮಾಡ್ತೀಯಲ್ಲ,” ಎಂದರು ಸಿದ್ದಗಂಗಮ್ಮ. “ನಾನು ಮೇನ್ ಎತ್ತಿದಾಗೆಲ್ಲ ಅದು ಹಿಂಗೇ ಕೂಗ್ಕೊಳ್ಳೋದು.”

“ಮೇನ್ ಎತ್ತಿದಾಗಾ? ಯಾವಾಗ್ಯಾವಾಗ ಎತ್ತುತ್ತೀರ ಅಜ್ಜಿ?”

“ಇಳ್ಸಿದಾಗೆಲ್ಲ ಎತ್ತಬೇಕಲ್ಲ ಮಗ.”

ವಿಷಯ ನಿಧಾನಕ್ಕೆ ಹೊರಬಂತು. ಕೆಲವು ವರ್ಷದ ಹಿಂದೆ ಮನೆಯ ಪಕ್ಕದ ತೆಂಗಿನ ಮರಕ್ಕೆ ಸಿಡಿಲು ಹೊಡೆದು, ಟಿವಿ, ಫ್ಯಾನು, ಪಂಪಿನ ಸ್ಟಾರ್ಟರು ಒಟ್ಟಿಗೆ ಸುಟ್ಟಿದ್ದವು. ಅಂದಿನಿಂದ ಮೇನ್ ಸ್ವಿಚ್ ಸಿದ್ದಗಂಗಮ್ಮನ ಸುಪರ್ದಿಗೆ ಬಂದಿತ್ತು. ದೂರದಲ್ಲಿ ಗುಡುಗಿದರೆ ಇಳಿಸುತ್ತಿದ್ದರು. ಬಲ್ಬು ಒಮ್ಮೆ ಮಂಕಾದರೆ ಇಳಿಸುತ್ತಿದ್ದರು. ಎಲ್ಲರೂ ತೋಟದ ಕಡೆ ಹೊರಟರೆ ಇಳಿಸಿಯೇ ಹೊರಡುತ್ತಿದ್ದರು. ತೋಟದ ಮನೆಗಳಲ್ಲಿ ಇದು ಹೊಸದೇನಲ್ಲ. ಗ್ಯಾಸ್ ಆಫ್ ಮಾಡಿದಷ್ಟೇ ಸಹಜ. ಆದ್ದರಿಂದಲೇ ಪ್ರಿಂಟರಿನ ತೊಂದರೆ ಹೇಳುವಾಗ ಯಾರಿಗೂ ಇದು ಹೇಳುವ ವಿಷಯ ಎನಿಸಿರಲಿಲ್ಲ. ನನಗೂ ಕೇಳುವ ವಿಷಯ ಎನಿಸಿರಲಿಲ್ಲ.

“ಈಗೊಮ್ಮೆ ಇಳ್ಸಿ ಎತ್ತಿ ಅಜ್ಜಿ,” ಎಂದೆ.

ಇಳಿಸಿದರು. ಫ್ಯಾನು ನಿಂತಿತು. ಎತ್ತಿದರು. ಫ್ಯಾನು ತಿರುಗುವ ಮೊದಲೇ ಪ್ರಿಂಟರ್ ತಾನಾಗಿ ಎದ್ದು ಟಕ ಟಕ ಎಂದಿತು, ಗೊರ್ರ್ ಎಂದಿತು, ಒಂದು ಕ್ಷಣ ತಡೆದು ಝುಂಯ್ ಎಂದಿತು. ನಾಲ್ವರೂ ಕಿವಿಗೊಟ್ಟು ಕೇಳುತ್ತಿದ್ದೆವು. ಟಪ್ ಎಂದಾಗ ಉಮಕ್ಕ ಕುರ್ಚಿಯಲ್ಲಿ ಕೂತರು.

ಕಾರಣ ಸರಳ. ಪ್ರಿಂಟರನ್ನು ಅದರ ಗುಂಡಿ ಒತ್ತಿ ಆರಿಸಿದರೆ ಅದು ಇಂಕಿನ ಹೆಡ್ಡನ್ನು ಮೂಲೆಗೆ ಒಯ್ದು, ರಬ್ಬರ್ ಮುಚ್ಚಳದ ಮೇಲೆ ಕೂರಿಸಿ, ಆಮೇಲೆ ಮಲಗುತ್ತದೆ. ತೂತುಗಳು ಒಣಗುವುದಿಲ್ಲ. ಮೇನ್ ಇಳಿಸಿದರೆ ಕೆಲಸದ ನಡುವೆ ಹೆಡ್ಡು ಎಲ್ಲಿದೆಯೋ ಅಲ್ಲೇ ಬಾಯ್ತೆರೆದು ನಿಂತುಬಿಡುತ್ತದೆ. ಕೆಲಸವಿಲ್ಲದೆ ಕೂತಿದ್ದರೂ ಸರಿ, ಕರೆಂಟ್ ಬಂದೊಡನೆ ಯಂತ್ರಕ್ಕೆ ಗಾಬರಿ. ತೂತು ಕಟ್ಟಿದೆಯೋ ಏನೋ ಎಂದು ಇಂಕು ಚೆಲ್ಲಿ ತೊಳೆದುಕೊಳ್ಳುತ್ತದೆ. ಆ ಮಾದರಿಯಲ್ಲಿ ಕರೆಂಟ್ ಬಂದಾಗ ತಾನೇ ಆನ್ ಆಗುವ ಏರ್ಪಾಡೂ ಇತ್ತು. ಹೀಗಾಗಿ ಒಂದು ಲೇಬಲ್ಲೂ ಮುದ್ರಿಸದ ದಿನವೂ ಅದು ಹಲವು ಸಲ ಎದ್ದು ಬಾಯಿ ಮುಕ್ಕಳಿಸುತ್ತಿತ್ತು.

ಇದನ್ನು ಹೇಳಿ ಮುಗಿಸಿದಾಗ ನನ್ನ ಎದೆಯ ಮೇಲಿನ ಮೂಟೆ ಇಳಿದಂತಾಗಿತ್ತು. ನನ್ನ ಇಂಕು ಇಂಕೇ. ರುದ್ರೇಶಣ್ಣ ಹತ್ತಿರ ಬಂದು ಭುಜ ತಟ್ಟಿ, “ಬುಡು, ಆ ಒಬ್ಬರಿಗೆ ನಾನೇ ಹೇಳ್ತೀನಿ,” ಎಂದರು. ಸಿದ್ದಗಂಗಮ್ಮನ ಮುಖ ಮಾತ್ರ ಚಿಕ್ಕದಾಗಿತ್ತು. ಕೈಯಲ್ಲಿದ್ದ ಕಾಯಿಯನ್ನು ಯಾವ ಕಡೆಗೂ ಹಾಕದೆ ಮಡಿಲಲ್ಲೇ ಇಟ್ಟುಕೊಂಡಿದ್ದರು.

“ಹಂಗಾರೆ ಸೊಸೆ ಯಾಪಾರ ನಾನೇ ಹಾಳು ಮಾಡ್ತಿದ್ನೇನಪ್ಪ?”

ಉಮಕ್ಕ ತಕ್ಷಣ ಎದ್ದು ಹೋಗಿ ಪಕ್ಕದಲ್ಲಿ ಕೂತರು. “ಅತ್ತೆ, ನೀವು ಮೇನ್ ಇಳಿಸ್ದೆ ಇದ್ದಿದ್ರೆ ಈ ಮಿಷಿನ್ನೇ ಸುಟ್ಟೋಗಿರ್ತಿತ್ತು. ಇಂಕು ತಾನೆ ಹೋಗಿದ್ದು. ಬುಡಿ.”

ಆ ಅಜ್ಜಿಯ ದನಿ ನನ್ನ ಬಾಯಿಗೆ ಆಗಲೇ ಬಂದು ಕೂತಿತ್ತು. ಅವತ್ತು ನುಂಗಿಕೊಂಡೆ. ನನ್ನ ಜೀವನದಲ್ಲಿ ಅದು ಅಪರೂಪದ ಸಂಯಮ.

ಪರಿಹಾರಕ್ಕೆ ಕಾಸು ಬೇಕಿರಲಿಲ್ಲ. ತಾನೇ ಆನ್ ಆಗುವ ಏರ್ಪಾಡನ್ನು ಸೆಟ್ಟಿಂಗಿನಲ್ಲಿ ತೆಗೆದೆ. ಉಮಕ್ಕ ತಮ್ಮ ಕೆಂಪು ಸ್ಟಿಕ್ಕರ್ ಬೊಟ್ಟೊಂದನ್ನು ಪ್ರಿಂಟರಿನ ಗುಂಡಿಗೆ ಅಂಟಿಸಿದರು. ಮೇನ್ ಇಳಿಸಬೇಡಿ ಎಂದು ನಾನು ಹೇಳಲಿಲ್ಲ. ಮೊದಲು ಬೊಟ್ಟು ಒತ್ತಿ, ದೀಪ ಆರುವ ತನಕ ನಿಂತು, ಆಮೇಲೆ ಇಳಿಸಿ ಎಂದೆ. ಅಜ್ಜಿ ಎರಡು ಸಲ ಮಾಡಿ ತೋರಿಸಿ, ಮೂರನೇ ಸಲ ನನಗೇ ಪಾಠ ಹೇಳಿದರು. ವಾರಕ್ಕೊಂದು ಬಣ್ಣದ ಹಾಳೆಯಾದರೂ ತೆಗೆಯಿರಿ, ತೂತು ಒಣಗುವುದಿಲ್ಲ ಎಂದೂ ಉಮಕ್ಕನಿಗೆ ಹೇಳಿದೆ. ಪ್ಯಾಡ್ ತೊಳೆದು ಒಣಗಿಸಿ ಹಾಕಿದೆ. ಹೊರಡುವಾಗ ಬೆಳ್ಳುಳ್ಳಿ ಪುಡಿಯ ಪೊಟ್ಟಣ ಕೊಟ್ಟರು. ನಾನು ಮಾಡಿದ ಲೇಬಲ್ ಅದರ ಮೇಲೆ ಸ್ವಲ್ಪ ಸೊಟ್ಟಗೆ ಅಂಟಿತ್ತು.

ಟ್ಯಾಂಕಿನಲ್ಲಿ ಉಳಿದಿದ್ದ ಆ ಅರ್ಧ ಇಂಕು ಮುಗಿದ ದಿನ ವ್ಯಾಪಾರ ಮುಗಿಯಬೇಕಿತ್ತು. ತಿಂಗಳು ಕಳೆದರೂ ಅದು ಮುಗಿಯಲೇ ಇಲ್ಲ. ಮಳೆಗಾಲ ಕಾಲಿಟ್ಟಿತು, ದಿನಸಿ ಅಂಗಡಿಯಲ್ಲಿ ಉಮಕ್ಕನ ಪುಡಿ ಒಂದು ಸಾಲಿನಿಂದ ಎರಡು ಸಾಲಾಯಿತು. ನಾನು ದಾರಿಯಲ್ಲಿ ಹೋಗುವಾಗಲೆಲ್ಲ ಎಣಿಸದಿದ್ದರೂ ಒಮ್ಮೆ ಇಣುಕುತ್ತಿದ್ದೆ. ಒಂದು ಸಂಜೆ ಮೋಡ ಕವಿದು ಅಂಗಡಿ ಬಾಗಿಲು ಎಳೆಯುತ್ತಿದ್ದಾಗ ಉಮಕ್ಕನ ನಂಬರಿನಿಂದ ಫೋನ್ ಬಂತು. ಇಂಕಿನ ವಿಷಯವೇ ಇರಬೇಕು ಎಂದುಕೊಂಡೆ. ಎತ್ತಿದರೆ ಅಜ್ಜಿ.

“ಲೋ ಮಗ, ಬೋರನಕಣಿವೆ ಕಡೆಯಿಂದ ಗುಡುಗ್ತಾ ಐತೆ. ಬೊಟ್ಟು ಒತ್ತಿ ಅದನ್ನ ಮಲಗ್ಸಿದೀನಿ. ಇನ್ನು ಮೇನ್ ಇಳಿಸ್ಲಾ?”

“ಇಳಿಸಿ ಅಜ್ಜಿ.”

“ಉಮಾ ನಾಳೆ ಇನ್ನೊಂದು ಅಂಗಡಿಗೆ ಕೊಡ್ತಾಳೆ ಪುಡೀನ. ಚಿಕ್ಕನಾಯಕನಹಳ್ಳೀಲಿ,” ಎಂದು ಫೋನ್ ಇಟ್ಟರು.

ಇಂಕು ಉಳಿಸುವ ಉಪಾಯ ಕೇಳಿಕೊಂಡು ಇಂದಿಗೂ ಜನ ಬರುತ್ತಾರೆ. ಹಿನ್ನೆಲೆ ಬಿಳಿಯಿಡಿ, ತೆಳುವಾಗಿ ಪ್ರಿಂಟ್ ಮಾಡಿ ಎಂದೆಲ್ಲ ಹೇಳುತ್ತೇನೆ; ಅದು ನಿಜವೇ. ಆದರೆ ಸ್ಕ್ರೂಡ್ರೈವರ್ ತೆಗೆಯುವ ಮೊದಲು ಈಗ ಬೇರೆಯೇ ಪ್ರಶ್ನೆ ಕೇಳುತ್ತೇನೆ. ಬೆಳಗ್ಗೆ ಮೊದಲು ಏಳುವವರು ಯಾರು, ಮನೆ ಬಿಟ್ಟು ಹೊರಡುವಾಗ ಏನೇನು ಆರಿಸುತ್ತೀರಿ, ಯಾವುದಕ್ಕೆ ಹೆದರುತ್ತೀರಿ. ಗಿರಾಕಿಗಳು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ, ನಯಾಜ್ ಭಾಯ್ ಆಚೆಯಿಂದ ನಗುತ್ತಾರೆ. ಯಂತ್ರ ಕೆಟ್ಟಿದೆ ಎಂದು ಬಂದ ಹತ್ತರಲ್ಲಿ ಕೆಲವು ಕೆಟ್ಟೇ ಇರುವುದಿಲ್ಲ. ಆ ಮನೆಯವರ ಜೊತೆ ಬಾಳಲು ಅವಕ್ಕೆ ಇನ್ನೂ ಯಾರೂ ಕಲಿಸಿರುವುದಿಲ್ಲ, ಅಷ್ಟೇ.